25 ವಾಟ್ ಜಾಸ್ತಿ ಆಯ್ತು, ಆದರೂ ಕ್ಲಬ್ ರೇಸಿನಲ್ಲಿ ಅದೇ ಜಾಗ. ಎಲ್ಲಿ ಸೋರುತ್ತಿದೆ?

ಹಿಂದಿನ_ಚಕ್ರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಕ್ಲಬ್ಬಿನ ಸೈಕಲ್ ರೇಸಿಗೆ ಇಳಿದು ಇದು ನನ್ನ ಮೂರನೇ ವರ್ಷ. ಎಲ್ಲಕ್ಕಿಂತ ಕೆಳಗಿನ ದರ್ಜೆ. ಸುತ್ತು 1.6 ಕಿ.ಮೀ., ಒಂದು ಸುತ್ತಿಗೆ ನಾಲ್ಕು ತಿರುವು, ಒಟ್ಟು 25 ಸುತ್ತು. ಅಂದರೆ 40 ಕಿ.ಮೀ., ಹೆಚ್ಚುಕಮ್ಮಿ ಒಂದು ಗಂಟೆ. ಹೋದ ವರ್ಷ 40 ಜನರಲ್ಲಿ 31, 29, 33, ಹೀಗೆ ಬರುತ್ತಿದ್ದೆ. ಕಾಲಲ್ಲಿ ಕಸುವು ಸಾಲದು ಅಂತ ನಾನೇ ತೀರ್ಪು ಕೊಟ್ಟುಕೊಂಡೆ. ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ತುಳಿತವನ್ನು ವಾಟಿನಲ್ಲಿ ಅಳೆಯುವ ಪವರ್ ಮೀಟರ್ ಹಾಕಿಸಿದೆ. ಮನೆಯೊಳಗೆ, ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಮಾರ್ಟ್ ಟ್ರೈನರ್ ಬಂತು. ಐದು ತಿಂಗಳು, ವಾರಕ್ಕೆ ನಾಲ್ಕು ದಿನ, ಗೋಡೆ ನೋಡಿಕೊಂಡು ತುಳಿದೆ. ಎದುರಿಗೆ ಫ್ಯಾನ್, ಕೆಳಗೆ ಬೆವರಿನ ಕೊಳ. ಮನೆಯವರು ಆ ಕೋಣೆಗೆ ಬರೋದನ್ನೇ ಬಿಟ್ಟರು.

ಫಲ ಸಿಕ್ಕಿತು. ಟ್ರೈನರ್ ಮೇಲೆ 20 ನಿಮಿಷದ ಟೆಸ್ಟಿನಲ್ಲಿ 284 ವಾಟ್. ಅದರ ಶೇ. 95 ಅಂದರೆ, ಸುಮಾರು ಒಂದು ಗಂಟೆ ಸಮನಾಗಿ ತುಳಿಯಬಲ್ಲ ಗರಿಷ್ಠ ಪವರ್ ಅನ್ನೋ ಎಫ್‌ಟಿಪಿ 270. ಹೋದ ವರ್ಷ 245 ಇತ್ತು. ತೂಕ 72 ಕೆ.ಜಿ., ಹಾಗಾಗಿ ಕೆ.ಜಿ.ಗೆ 3.75 ವಾಟ್. ಈ ದರ್ಜೆಗೆ ಇದು ಕೆಟ್ಟ ಅಂಕಿ ಏನಲ್ಲ.

ಮೊನ್ನೆ ವರ್ಷದ ಮೊದಲ ರೇಸು. ನನ್ನ ಸ್ಥಾನ 30.

ಕೊನೆಯ ಎರಡು ಸುತ್ತಿನಲ್ಲಿ ಗುಂಪಿನಿಂದ ಉದುರಿದೆ. ತಮಾಷೆ ಏನು ಗೊತ್ತಾ? ಸರಾಸರಿ ಪವರ್ ಬರೀ 212. ನಾರ್ಮಲೈಸ್ಡ್ ಪವರ್ 262. ಎಫ್‌ಟಿಪಿಗಿಂತ ಕಡಿಮೆಯೇ ಇದೆ. ಹಾಗಾದರೆ ನಾನು ಸತ್ತಿದ್ದು ಯಾಕೆ?

ಎಂಟನೇ_ಗೇರ್

ಐದು ತಿಂಗಳು ಗೋಡೆ ನೋಡಿದಿರಿ, ಗೋಡೆ ಒಂದು ಸ್ಥಾನ ಮೇಲೆ ತಳ್ಳಿತು. ಕೃತಜ್ಞತೆ ಇರಲಿ.

ಹೊಸ_ಪೆಡಲ್

ನಾರ್ಮಲೈಸ್ಡ್ ಅಂದರೇನು ಸರ್? ನನ್ನ ಆ್ಯಪಿನಲ್ಲೂ ಬರುತ್ತೆ, ಸುಮ್ನೆ ದೊಡ್ಡ ಅಂಕಿ ಅಂತ ಖುಷಿಪಡುತ್ತೇನೆ.

ವಾಟ್_ಲೆಕ್ಕ

@ಹೊಸ_ಪೆಡಲ್ ಸರಾಸರಿ ಅನ್ನೋದು ಎಳೆದಾಟವನ್ನು ಮುಚ್ಚಿಡುತ್ತೆ. 600 ವಾಟ್ ತುಳಿದು ಆಮೇಲೆ ಸೊನ್ನೆಗೆ ಬಂದರೆ ಸರಾಸರಿ 300 ಅನ್ನುತ್ತೆ. ಆದರೆ ಸಮನಾಗಿ 300 ತುಳಿದವನಿಗೂ ನಿನಗೂ ಒಂದೇ ಆಯಾಸ ಆಗಲ್ಲ. ಅದಕ್ಕೆ ವ್ಯಾಯಾಮ ವಿಜ್ಞಾನಿ ಆ್ಯಂಡ್ರೂ ಕೋಗನ್ ಒಂದು ದಾರಿ ಮಾಡಿದರು. 30 ಸೆಕೆಂಡಿನ ಚಲಿಸುವ ಸರಾಸರಿ ತೆಗೆದು, ಪ್ರತಿಯೊಂದನ್ನೂ ನಾಲ್ಕನೇ ಘಾತಕ್ಕೆ ಏರಿಸಿ, ಅವುಗಳ ಸರಾಸರಿಗೆ ನಾಲ್ಕನೇ ಮೂಲ ತೆಗೆಯೋದು. ಜೋರಾಗಿ ತುಳಿದ ಕ್ಷಣಗಳಿಗೆ ತೂಕ ಜಾಸ್ತಿ ಬೀಳುತ್ತೆ.

@ಹಿಂದಿನ_ಚಕ್ರ ಉತ್ತರ ನಿಮ್ಮ ಪೋಸ್ಟಿನಲ್ಲೇ ಇದೆ. 212ಕ್ಕೂ 262ಕ್ಕೂ ನಡುವೆ 50 ವಾಟ್ ಅಂತರ. ನೀವು ಸೈಕಲ್ ತುಳಿದಿಲ್ಲ, ಗಂಟೆ ಪೂರ್ತಿ ಓಡಿ ಓಡಿ ಬಸ್ಸು ಹಿಡಿದಿದ್ದೀರಿ. ಎರಡು ಪ್ರಶ್ನೆ. ಗುಂಪಿನಲ್ಲಿ ಎಷ್ಟನೇಯವರಾಗಿ ಇದ್ದಿರಿ? ಫೈಲು ತೆಗೆದು ಎಷ್ಟು ಸಲ 500 ವಾಟ್ ದಾಟಿದ್ದೀರಿ ಎಣಿಸಿ ನೋಡಿ.

ಹಿಂದಿನ_ಚಕ್ರ

ಎಣಿಸಿದೆ. ಎರಡು ಸಲ ಎಣಿಸಿದೆ, ಮೊದಲ ಸಲ ನಂಬಿಕೆ ಬರಲಿಲ್ಲ. 87 ಸಲ. ಹೆಚ್ಚಿನವು ತಿರುವು ಮುಗಿದ ತಕ್ಷಣ, ಐದಾರು ಸೆಕೆಂಡು.

ಜಾಗ ಅಂದರೆ... ಹೆಸರೇ ಹೇಳುತ್ತಲ್ಲ. ಹಿಂದೆ. ಕೊನೆಯ ಐದು ಜನರಲ್ಲಿ ಒಬ್ಬ. ಅಲ್ಲಿ ಗಾಳಿ ಮರೆ ಚೆನ್ನಾಗಿ ಸಿಗುತ್ತೆ ಅಂತ.

ವಾಟ್_ಲೆಕ್ಕ

ಅದೇ. ಗಾಳಿ ಮರೆ ಸಿಗೋದು ನಿಜ. ಮುಂದಿನವನ ಚಕ್ರ ಹಿಡಿದು ಕೂತರೆ ಮೂರರಲ್ಲಿ ಒಂದು ಪಾಲು ಶ್ರಮ ಸಲೀಸಾಗಿ ಉಳಿಯುತ್ತೆ. ಆದರೆ ಅದು ನೇರ ರಸ್ತೆಯ ಮಾತು.

ಸಿಗ್ನಲ್ ಹಸಿರಾದಾಗ ಮುಂದಿನ ಗಾಡಿ ಹೊರಟರೂ ಹಿಂದಿನದು ನಿಂತೇ ಇರುತ್ತಲ್ಲ, ತಿರುವಿನಲ್ಲೂ ಹಾಗೇ ಆಗೋದು. ಮೊದಲನೆಯವನು ಚೂರು ನಿಧಾನ ಮಾಡುತ್ತಾನೆ. ಹತ್ತನೆಯವನು ಇನ್ನೂ ಸ್ವಲ್ಪ. ಮೂವತ್ತೈದನೆಯವನು ಬ್ರೇಕ್ ಹಿಡಿದೇ ಬಿಡುತ್ತಾನೆ. ಇವನು ತಿರುಗಿ ತಲೆ ಎತ್ತುವ ಹೊತ್ತಿಗೆ ಮುಂದಿನವರು ಆಗಲೇ ಪೂರ್ತಿ ವೇಗದಲ್ಲಿರುತ್ತಾರೆ.

ಕಚ್ಚಾ ಲೆಕ್ಕ ಹಾಕೋಣ. ನೀವು 72, ಸೈಕಲ್ಲು ನೀರಿನ ಬಾಟಲಿ ಸೇರಿ 8, ಒಟ್ಟು 80 ಕೆ.ಜಿ. ಗುಂಪಿನ ವೇಗ 42 ಅಂತ ಇಟ್ಟುಕೊಳ್ಳಿ. ಮುಂದಿರುವವನು ತಿರುವಿನಲ್ಲಿ 36ಕ್ಕೆ ಇಳಿದ. ಮತ್ತೆ 42ಕ್ಕೆ ಬರಲು ಅವನಿಗೆ ಬೇಕಾದ್ದು ಸುಮಾರು 1,440 ಜೂಲ್. ನೀವು 30ಕ್ಕೆ ಇಳಿದಿರಿ. ನಿಮಗೆ ಬೇಕಾದ್ದು ಸುಮಾರು 2,670 ಜೂಲ್. ಆರು ಸೆಕೆಂಡಿನಲ್ಲಿ ಅದನ್ನು ಕೊಡಬೇಕಾದರೆ ಅದಕ್ಕೇ 445 ವಾಟ್, ಗಾಳಿಯ ಪಾಲು ಬೇರೆ. 500 ದಾಟದೆ ಇನ್ನೇನು?

ವ್ಯತ್ಯಾಸ ತಿರುವಿಗೆ 1,200 ಜೂಲ್ ಚಿಲ್ಲರೆ. 25 ಸುತ್ತು, ನೂರು ತಿರುವು. ಒಂದು ಗಂಟೆಗೆ ಹಂಚಿದರೆ ಸುಮಾರು 34 ವಾಟ್.

ಐದು ತಿಂಗಳು ಬೆವರು ಸುರಿಸಿ 25 ವಾಟ್ ದುಡಿದಿರಿ. ಬ್ರೇಕ್ ಪ್ಯಾಡಿಗೆ 34 ವಾಟ್ ಕೊಟ್ಟು ಬಂದಿರಿ.

ಎಂಟನೇ_ಗೇರ್

ಈ ಕೊನೆಯ ಸಾಲನ್ನು ನಾನು ಗೋಡೆಗೆ ಅಂಟಿಸಿಕೊಳ್ಳುತ್ತೇನೆ. ಹೇಗೂ ಗೋಡೆ ನೋಡಿಕೊಂಡೇ ತುಳಿಯೋದು.

ಹಳೇ_ಚೈನು

ಇಷ್ಟು ಲೆಕ್ಕ ಯಾಕೆ ಬೇಕಿತ್ತು ಮಾರಾಯ್ರೆ? ನನ್ನ ಕಾಲದಲ್ಲಿ ಹಿರಿಯರು ಒಂದೇ ಮಾತು ಹೇಳುತ್ತಿದ್ದರು, ಮೊದಲ ಹತ್ತರಲ್ಲಿ ಕೂರು, ಅಷ್ಟೇ. ಹಿಂದೆ ಕೂತವನಿಗೆ ಮುಂದೆ ಬಿದ್ದವರೂ ಅಡ್ಡ, ಸುಸ್ತಾಗಿ ದಾರಿ ಬಿಟ್ಟವರೂ ಅಡ್ಡ.

ತಮ್ಮಾ, ಆ ಪರದೆ ಮೇಲೆ ಟೇಪ್ ಅಂಟಿಸು. ರೇಸಿನಲ್ಲಿ 310 ವಾಟ್ ಅಂತ ಕಂಡರೆ ನೀನು ಏನು ಮಾಡುತ್ತೀಯ, ಗುಂಪಿಗೆ ಸ್ವಲ್ಪ ನಿಲ್ಲಿ ಅಂತೀಯಾ? ನೋಡಿ ಪ್ರಯೋಜನ ಇಲ್ಲದ್ದನ್ನು ನೋಡಬಾರದು. ಒಂಟಿಯಾಗಿ ಗಡಿಯಾರದ ವಿರುದ್ಧ ಓಡಿಸುವಾಗ ಮೀಟರ್ ಸರಿ, ಅಲ್ಲಿ ಅದು ದೇವರು. ಗುಂಪಿನಲ್ಲಿ ಕಣ್ಣು ಬೇಕಾಗಿರೋದು ಮುಂದಿನವನ ಭುಜದ ಮೇಲೆ.

ವಾಟ್_ಲೆಕ್ಕ

ಅಣ್ಣನ ಮಾತು ಅರ್ಧ ಒಪ್ಪುತ್ತೇನೆ. 2022ರಲ್ಲಿ ಇಟಲಿಯ ಸೈಕಲ್ ಪಟು ಫಿಲಿಪ್ಪೊ ಗನ್ನಾ ಒಂದು ಗಂಟೆಯಲ್ಲಿ 56.792 ಕಿ.ಮೀ. ಓಡಿಸಿದ್ದು ಟ್ರ್ಯಾಕಿನ ಮೇಲೆ, ಒಬ್ಬನೇ, ಸಮನಾದ ಒತ್ತಡದಲ್ಲಿ. ಅದು ಪೂರ್ತಿ ಲೆಕ್ಕದ ಆಟ. ಗುಂಪು ರೇಸು ಹಾಗಲ್ಲ, ನಿಜ.

ಆದರೆ ಪರದೆ ಮುಚ್ಚಿದರೂ ರೆಕಾರ್ಡಿಂಗ್ ನಿಲ್ಲಿಸಬೇಡಿ. 87 ಅನ್ನೋ ಅಂಕಿ ಸಿಕ್ಕಿದ್ದು ಫೈಲಿನಿಂದ ತಾನೇ? ಇಲ್ಲದಿದ್ದರೆ ಇವರು ಇನ್ನೂ ಐದು ತಿಂಗಳು ಗೋಡೆ ನೋಡುತ್ತಿದ್ದರು.

ಅಂದಹಾಗೆ ಇನ್ನೊಂದು ಅನುಮಾನ. ಟೆಸ್ಟ್ ಟ್ರೈನರ್ ಮೇಲೆ, ರೇಸು ಕ್ರ್ಯಾಂಕ್ ಮೀಟರ್ ಮೇಲೆ. ಎರಡೂ ಒಂದೇ ಭಾಷೆ ಮಾತಾಡುತ್ತವಾ? ಮೀಟರ್ ಒಂದೇ ಕಡೆಯದ್ದಾ?

ಹಿಂದಿನ_ಚಕ್ರ

ಹೌದು, ಎಡಗಡೆ ಮಾತ್ರ. ಇವತ್ತು ಟ್ರೈನರ್ ಮೇಲೆ ಕೂತು ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿದೆ. ಟ್ರೈನರ್ 270 ಅನ್ನುವಾಗ ಕ್ರ್ಯಾಂಕ್ 258 ಅನ್ನುತ್ತೆ. ಯಾವುದನ್ನು ನಂಬಲಿ?

ವಾಟ್_ಲೆಕ್ಕ

ಸದ್ಯಕ್ಕೆ ಎರಡನ್ನೂ ನಂಬಬೇಡಿ. ಆದರೆ ಒಂದು ಸುಳಿವಿದೆ. ನೇರವಾಗಿ ಚೈನು ಕೂರಿಸುವ ಟ್ರೈನರ್ ಅಳೆಯೋದು ಚೈನು ದಾಟಿ ಬಂದ ಮೇಲೆ. ದಾರಿಯಲ್ಲಿ ಸ್ವಲ್ಪ ಪವರ್ ಉಜ್ಜಾಟದಲ್ಲೇ ಹೋಗುತ್ತೆ. ಅಂದರೆ ಟ್ರೈನರ್ ಒಂದು ಗುಲಗಂಜಿ ಕಡಿಮೆ ತೋರಿಸಬೇಕು. ನಿಮ್ಮದು ಉಲ್ಟಾ.

ಮೀಟರ್ ಒಳಗಿರೋದು ಸ್ಟ್ರೇನ್ ಗೇಜ್. ನೀವು ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತೆ, ಅದನ್ನು ಅಳೆದು ತಿರುಗುವ ವೇಗದಿಂದ ಗುಣಿಸಿದರೆ ವಾಟ್. 1986ರಲ್ಲಿ ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬೆರರ್ ಪವರ್ ಮೀಟರ್ ಕಂಪನಿ ಎಸ್‌ಆರ್‌ಎಂ ಶುರು ಮಾಡಿದಾಗಿನಿಂದ ಮೂಲ ಇದೇ. ಒಂದೇ ಕಡೆಯ ಮೀಟರ್ ಎಡಗಾಲನ್ನು ಅಳೆದು ಸುಮ್ನೆ ಎರಡರಿಂದ ಗುಣಿಸುತ್ತೆ. ಬಲಗಾಲು ಜಾಸ್ತಿ ದುಡಿಯುತ್ತಿದ್ದರೆ ಅದಕ್ಕೆ ಗೊತ್ತೇ ಆಗಲ್ಲ.

ಬಿಸಿಲು ಚಳಿಗೂ ಗೇಜಿನ ಸೊನ್ನೆ ಜರುಗುತ್ತೆ. ಸೈಕಲ್ಲು ಹೊರಗಿನ ಹವೆಗೆ ಹೊಂದಿಕೊಂಡ ಮೇಲೆ ಝೀರೋ ಆಫ್‌ಸೆಟ್ ಮಾಡಿ. ಆಮೇಲೆ ಯಾರದ್ದಾದರೂ ಎರಡೂ ಕಡೆ ಅಳೆಯುವ ಪೆಡಲ್ ಒಂದು ದಿನಕ್ಕೆ ಕೇಳಿ ತಂದು ಹೋಲಿಸಿ.

ಹಿಂದಿನ_ಚಕ್ರ

ಕ್ಲಬ್ಬಿನ ಗೆಳೆಯನ ಪೆಡಲ್ ತಂದೆ. ಎಡ 47, ಬಲ 53! ಟ್ರೈನರ್ 270 ಅಂದಾಗ ಪೆಡಲ್ 275 ಅನ್ನುತ್ತೆ, ಕ್ರ್ಯಾಂಕ್ ಅದೇ 258. ಚಿಕ್ಕಂದಿನಲ್ಲಿ ಎಡ ಮಂಡಿಗೆ ಪೆಟ್ಟಾಗಿತ್ತು, ವಾಸಿಯಾಯ್ತು ಅಂದುಕೊಂಡಿದ್ದೆ.

ವಾಟ್_ಲೆಕ್ಕ

ಸಿಕ್ಕಿಬಿತ್ತು ನೋಡಿ. ಎಡಗಾಲು 129, ಅದರ ಎರಡರಷ್ಟು 258. ಅಂದರೆ ರೇಸಿನ 262 ಅನ್ನೋದು ಟ್ರೈನರಿನ ಅಳತೆಯಲ್ಲಿ 274. ನಿಮ್ಮ ಎಫ್‌ಟಿಪಿ 270. ಗಂಟೆ ಪೂರ್ತಿ ನಿಮ್ಮ ಮಿತಿಯ ಮೇಲೆಯೇ ಇದ್ದಿರಿ. ಕೊನೆಯ ಎರಡು ಸುತ್ತಿನ ತನಕ ಉಳಿದದ್ದೇ ಹೆಚ್ಚು.

ಹೊಸ_ಪೆಡಲ್

ನನ್ನದೊಂದು ಕಥೆ. ಟ್ರೈನರಿನಲ್ಲಿ ಎರ್ಗ್ ಮೋಡ್ ಹಾಕಿ 240 ವಾಟ್ ಇಟ್ಟಿದ್ದೆ. ನೀರು ಕುಡಿಯೋಕೆ ಸ್ವಲ್ಪ ನಿಧಾನ ಮಾಡಿದೆ. ಪೆಡಲ್ ಭಾರ ಆಯ್ತು. ಇನ್ನೂ ನಿಧಾನ ಆದೆ, ಇನ್ನೂ ಭಾರ. ಕೊನೆಗೆ ಕಾಲು ಕಲ್ಲಿಗೆ ಕಟ್ಟಿದ ಹಾಗೆ ನಿಂತೇಹೋಯ್ತು. ಟ್ರೈನರ್ ಕೆಟ್ಟಿದೆಯಾ?

ಗಾಳಿಗೆ_ಎದುರು

@ಹೊಸ_ಪೆಡಲ್ ಕೆಟ್ಟಿಲ್ಲ ತಮ್ಮಾ, ಹೇಳಿದ ಕೆಲಸ ಮಾಡುತ್ತಿದೆ ಅಷ್ಟೇ. 240 ಕೊಡಲೇಬೇಕು ಅಂತ ಅದಕ್ಕೆ ಅಪ್ಪಣೆ. ನೀನು ಕಾಲು ತಿರುಗಿಸೋದು ಕಡಿಮೆ ಮಾಡಿದರೆ ಒತ್ತಡ ಜಾಸ್ತಿ ಮಾಡಿ ಸರಿದೂಗಿಸುತ್ತೆ. ನಿಧಾನ ಆಗೋ ಮೊದಲೇ ಕಾಲನ್ನು ಚುರುಕು ಮಾಡು. ಸಿಕ್ಕಿಹಾಕಿಕೊಂಡರೆ ಎರ್ಗ್ ತೆಗೆದು ಮತ್ತೆ ಹಾಕು.

ಈಗ ಮುಖ್ಯ ವಿಷಯ. ಎಲ್ಲರೂ ಎಲ್ಲಿ ಕೂರಬೇಕು ಅಂತ ಹೇಳಿದಿರಿ, ಇವರು ಯಾಕೆ ಹಿಂದೆ ಕೂತಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ಗಾಳಿ ಮರೆ ಅನ್ನೋದು ನೆಪ. ನಾನೂ ಎರಡು ವರ್ಷ ಅದೇ ನೆಪ ಹೇಳಿದ್ದೆ. @ಹಿಂದಿನ_ಚಕ್ರ, ನೀವು ಯಾವಾಗ ಬಿದ್ದಿದ್ದು?

ಹಿಂದಿನ_ಚಕ್ರ

ಅಕ್ಕಾ, ಹೇಗೆ ಗೊತ್ತಾಯ್ತು?

ಮೊದಲ ವರ್ಷ. ಮೂರನೇ ತಿರುವು. ನನ್ನ ಮುಂದಿನ ಚಕ್ರ ಪಕ್ಕದವನ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಿತ್ತು. ಅವನು ಒಂದು ಗೇಣು ಈಚೆ ಬಂದ. ಚಕ್ರಕ್ಕೆ ಚಕ್ರ ತಾಗಿತು. ಅವನಿಗೆ ಏನೂ ಆಗಲಿಲ್ಲ. ನಾನು ನೆಲದ ಮೇಲೆ. ಕೊರಳ ಪಕ್ಕದ ಎಲುಬು ಮುರಿಯಿತು, ಸೊಂಟದ ಚರ್ಮ ರಸ್ತೆಯಲ್ಲೇ ಉಳಿಯಿತು. ಆಮೇಲಿಂದ ಗುಂಪಿನ ಮಧ್ಯೆ ಎರಡೂ ಕಡೆ ಜನ ಇದ್ದರೆ ಕೈ ತಾನಾಗಿ ಬ್ರೇಕಿಗೆ ಹೋಗುತ್ತೆ. ಈ ಮಾತನ್ನು ಕ್ಲಬ್ಬಿನಲ್ಲಿ ಯಾರಿಗೂ ಹೇಳಿಲ್ಲ. ವಾಟ್ ಬಗ್ಗೆ ಮಾತಾಡೋದು ಸುಲಭ, ಅಲ್ವಾ.

ಗಾಳಿಗೆ_ಎದುರು

ಎಲ್ಲರ ಕಥೆಯೂ ಇದೇ. ತಾಗಿದಾಗ ಬೀಳೋದು ಹೆಚ್ಚಾಗಿ ಹಿಂದಿನವನೇ, ಯಾಕೆಂದರೆ ಸಮತೋಲನ ಇರೋದು ಮುಂದಿನ ಚಕ್ರದಲ್ಲಿ. ಅದಕ್ಕೆ ಮೊದಲ ನಿಯಮ, ಯಾರ ಚಕ್ರದ ಪಕ್ಕಕ್ಕೂ ನಿಮ್ಮದು ನುಗ್ಗಬಾರದು.

ಎರಡನೆಯದು ಟ್ರೈನರ್ ಮೇಲೆ ಬರಲ್ಲ. ಹುಲ್ಲಿನ ಮೈದಾನಕ್ಕೆ ಹೋಗಿ. ಒಬ್ಬ ಗೆಳೆಯನನ್ನು ಕರೆದುಕೊಳ್ಳಿ. ನಡೆಯುವ ವೇಗದಲ್ಲಿ ಪಕ್ಕಪಕ್ಕ ಓಡಿಸುತ್ತಾ ಭುಜಕ್ಕೆ ಭುಜ ಒರಗಿಸಿ, ಮೊಣಕೈಗೆ ಮೊಣಕೈ ತಾಗಿಸಿ. ಆಮೇಲೆ ಬೇಕಂತಲೇ ಅವನ ಹಿಂದಿನ ಚಕ್ರಕ್ಕೆ ನಿಮ್ಮ ಮುಂದಿನದನ್ನು ಮೆಲ್ಲಗೆ ತಾಗಿಸಿ. ಬೀಳುತ್ತೀರಿ. ಹುಲ್ಲು, ಪರವಾಗಿಲ್ಲ. ನಾಲ್ಕೈದು ದಿನದಲ್ಲಿ ಮೈಗೆ ಗೊತ್ತಾಗುತ್ತೆ, ತಾಗಿದ ತಕ್ಷಣ ಬೀಳಲೇಬೇಕು ಅಂತೇನಿಲ್ಲ ಅಂತ.

ತಿರುವಿಗೆ ಬಂದರೆ, ಬ್ರೇಕ್ ತಿರುವಿನ ಮೊದಲೇ ಮುಗಿಯಬೇಕು, ಒಳಗೆ ಹೋದ ಮೇಲೆ ಮುಟ್ಟಬೇಡಿ. ಹೊರಗಡೆಯ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ. ಕೈ ಹ್ಯಾಂಡಲಿನ ಕೆಳಬಾಗಿನಲ್ಲಿ. ಕಣ್ಣು ಮುಂದಿನವನ ಚಕ್ರದ ಮೇಲಲ್ಲ, ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತೋ ಅಲ್ಲಿ. ಟೈರಿನ ಗಾಳಿಯನ್ನೂ ನೋಡಿಕೊಳ್ಳಿ, ಕಲ್ಲಿನ ಹಾಗೆ ಗಟ್ಟಿ ತುಂಬಿದರೆ ಹಿಡಿತ ಹೋಗುತ್ತೆ.

ಇನ್ನೊಂದು. ಕೈಗಡಿಯಾರದ ಎದೆಬಡಿತವನ್ನು ನಂಬಿ ತರಬೇತಿ ಮಾಡುವವರಿಗೆ ಹೇಳುತ್ತೇನೆ. ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಮಡಚಿರುತ್ತೆ, ರಸ್ತೆ ನಡುಗಿಸುತ್ತೆ. ನನ್ನದು ಒಮ್ಮೆ ಇಳಿಜಾರಿನಲ್ಲಿ ಸುಮ್ನೆ ಕೂತಿದ್ದಾಗ 178 ತೋರಿಸಿತು. ಎದೆಗೆ ಕಟ್ಟುವ ಪಟ್ಟಿಯೇ ಸರಿ.

ಎಂಟನೇ_ಗೇರ್

ಇಳಿಜಾರಿನಲ್ಲಿ ನನಗೆ ನಿಜವಾಗಿಯೂ 178 ಇರುತ್ತೆ.

ಹೊಸ_ಪೆಡಲ್

ಹಾಗಾದರೆ ಟ್ರೈನರ್ ಮೇಲೆ ಕೂತು ಆನ್‌ಲೈನಿನಲ್ಲಿ ಓಡಿಸುವ ಝ್ವಿಫ್ಟ್ ಆ್ಯಪಿನ ರೇಸುಗಳಿಂದ ಉಪಯೋಗ ಇಲ್ವಾ? ಅಲ್ಲಿ ನಾನು ಗೆದ್ದಿದ್ದೇನೆ.

ವಾಟ್_ಲೆಕ್ಕ

ಇದೆ, ಎಂಜಿನ್ ಬೆಳೆಸೋಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. 2020ರಲ್ಲಿ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿದಾಗ ಪುರುಷರಲ್ಲಿ ಗೆದ್ದವನು ಜೇಸನ್ ಓಸ್ಬೋರ್ನ್, ದೋಣಿ ಹುಟ್ಟು ಹಾಕುವ ರೋಯಿಂಗ್ ಪಟು. ಮಹಿಳೆಯರಲ್ಲಿ ಆ್ಯಶ್ಲೀ ಮೂಲ್ಮನ್ ಪಾಸಿಯೊ, ಆಕೆ ರಸ್ತೆಯಲ್ಲೂ ಹೆಸರಾಂತ ರೇಸರ್. ತೆರೆಯ ಮೇಲೆ ಬ್ರೇಕ್ ಹಿಡಿಯುವ ತಿರುವೇ ಇಲ್ಲವಲ್ಲ, ಅಲ್ಲಿ ಯಾರ ಎಂಜಿನ್ ದೊಡ್ಡದೋ ಅವರ ಮಾತು ನಡೆಯುತ್ತೆ.

ಗಾಳಿಗೆ_ಎದುರು

ತೂಕ ನಿಜ ಹೇಳಿದರೆ ಮಾತ್ರ. ನಾಲ್ಕು ಕೆ.ಜಿ. ಕಡಿಮೆ ಬರೆದವರು ಗುಡ್ಡ ಹತ್ತೋದು ನೋಡಬೇಕು, ಹಕ್ಕಿ ಹಾರಿದ ಹಾಗೆ. ದೊಡ್ಡ ರೇಸುಗಳಲ್ಲಿ ತಕ್ಕಡಿ ಮೇಲೆ ನಿಂತ ವಿಡಿಯೊ ಕೇಳೋದು ಸುಮ್ನೆ ಅಲ್ಲ.

ಹಿಂದಿನ_ಚಕ್ರ (ಮೂರು ವಾರದ ನಂತರ)

ಎರಡನೇ ರೇಸು ಮುಗಿಯಿತು. ಹಳೇ ಚೈನು ಅಣ್ಣನ ಮಾತಿನಂತೆ ಪರದೆಗೆ ಕಪ್ಪು ಟೇಪ್ ಅಂಟಿಸಿದೆ. ಮೊದಲ ಹತ್ತರಲ್ಲೇ ಕೂತೆ. ಅಲ್ಲಿ ಎಷ್ಟು ಹಗುರ ಅನಿಸಿತು ಅಂದರೆ, ನಾಲ್ಕನೇ ಸುತ್ತಿನಲ್ಲಿ ಮೂವರು ಮುಂದೆ ಹಾರಿದಾಗ ನಾನೂ ಹಾರಿದೆ.

ಆಹಾ, ಎಂಟು ನಿಮಿಷ. ಜೀವನದಲ್ಲಿ ಮೊದಲ ಸಲ ನನ್ನ ಹಿಂದೆ ಗುಂಪು ಇತ್ತು.

ಎಂಟನೇ ಸುತ್ತಿನಲ್ಲಿ ಆ ಮೂವರ ಚಕ್ರ ಕೈಬಿಟ್ಟಿತು. ಗುಂಪು ಬಂತು, ನನ್ನನ್ನು ದಾಟಿ ಹೋಯ್ತು, ಅದನ್ನೂ ಹಿಡಿಯಲಾಗಲಿಲ್ಲ. 36ನೇ ಸ್ಥಾನ. ಮನೆಗೆ ಬಂದು ಫೈಲು ತೆಗೆದರೆ ಆ ಎಂಟು ನಿಮಿಷದ ಸರಾಸರಿ ಕ್ರ್ಯಾಂಕಿನ ಲೆಕ್ಕದಲ್ಲಿ 300. ಟ್ರೈನರಿನ ಲೆಕ್ಕಕ್ಕೆ 314. ಪರದೆ ಕಾಣುತ್ತಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಹಳೇ_ಚೈನು

ಬ್ರೇಕ್‌ಅವೇಯಲ್ಲಿ (ಗುಂಪು ಬಿಟ್ಟು ಹಾರಿದ ತಂಡದಲ್ಲಿ) ಗಾಳಿಗೆ ಎದೆಕೊಡುವ ನಿನ್ನ ಸರದಿ ಬಂದಾಗ ಎಷ್ಟು ಹೊತ್ತು ಮುಂದೆ ಎಳೆದೆ?

ಹಿಂದಿನ_ಚಕ್ರ

ಉಳಿದವರು 20 ಸೆಕೆಂಡು ಎಳೆಯುತ್ತಿದ್ದರು. ನಾನು ಉತ್ಸಾಹದಲ್ಲಿ ನಿಮಿಷ ನಿಮಿಷ ಎಳೆದೆ.

ಹಳೇ_ಚೈನು

ಒಳ್ಳೆಯ ಹುಡುಗ. ಆ ಮೂವರು ನಿನಗೆ ಕೈಮುಗಿದು ಮನೆಗೆ ಹೋಗಿರುತ್ತಾರೆ.

ಟೇಪ್ ಹಾಕು ಅಂದಿದ್ದು ನಾನೇ, ತಪ್ಪು ನನ್ನದೂ ಇದೆ. ನನಗೆ ಮೂವತ್ತು ವರ್ಷದ ಉಸಿರಾಟದ ಗುರುತು ಇದೆ. ಮಾತು ತುಂಡಾದಾಗ ಎಷ್ಟು ನಿಮಿಷ ಉಳಿದಿದೆ ಅಂತ ಮೈಗೆ ಗೊತ್ತಾಗುತ್ತೆ. ನಿನಗೆ ಅದಿನ್ನೂ ಬಂದಿಲ್ಲ. ತರಬೇತಿಯಲ್ಲಿ ಒಂದು ಕೆಲಸ ಮಾಡು. ಟೇಪ್ ಅಂಟಿಸಿ ಐದು ನಿಮಿಷ ತುಳಿ, ಎಷ್ಟು ವಾಟ್ ಇರಬಹುದು ಅಂತ ಊಹಿಸು, ಆಮೇಲೆ ಟೇಪ್ ತೆಗೆದು ನೋಡು.

ವಾಟ್_ಲೆಕ್ಕ

ಅಣ್ಣ ಮೀಟರನ್ನು ಹೊಗಳಿದರು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.

ಹಿಂದಿನ_ಚಕ್ರ (ಇನ್ನೆರಡು ತಿಂಗಳ ನಂತರ)

ಊಹೆ ಆಟದಲ್ಲಿ ಮೊದಲು 40 ವಾಟ್ ತಪ್ಪುತ್ತಿತ್ತು, ಈಗ 10ರ ಒಳಗೆ. ಹುಲ್ಲಿನ ಮೈದಾನದಲ್ಲಿ ಹನ್ನೊಂದು ಸಲ ಬಿದ್ದೆ, ಗೆಳೆಯ ಒಂಬತ್ತು.

ನಿನ್ನೆ ನಾಲ್ಕನೇ ರೇಸು. 14ನೇ ಸ್ಥಾನ, ಗುಂಪಿನ ಜೊತೆಗೇ ಗೆರೆ ದಾಟಿದೆ. ಸರಾಸರಿ 209, ನಾರ್ಮಲೈಸ್ಡ್ 239. 500 ದಾಟಿದ್ದು 41 ಸಲ. ಎಫ್‌ಟಿಪಿ ಮತ್ತೆ ಟೆಸ್ಟ್ ಮಾಡಿದೆ, ಅದೇ 270. ಒಂದು ವಾಟೂ ಏರಿಲ್ಲ.

ಸ್ಪ್ರಿಂಟ್ ಮಾತ್ರ ನಗೆಪಾಟಲು. ಕೊನೆಯ ತಿರುವಿನಲ್ಲಿ ಎಂಟನೆಯವನಾಗಿದ್ದೆ, 200 ಮೀಟರಿನಲ್ಲಿ ಆರು ಜನ ದಾಟಿ ಹೋದರು.

ಹೊಸ_ಪೆಡಲ್

ಈಗ ಪರದೆಯಲ್ಲಿ ಏನೇನು ಇಟ್ಟಿದ್ದೀರಿ ಸರ್?

ಹಿಂದಿನ_ಚಕ್ರ

ಎಷ್ಟನೇ ಸುತ್ತು ಮತ್ತು ಗಡಿಯಾರ. ಪವರ್ ಎರಡನೇ ಪುಟದಲ್ಲಿದೆ, ಮುಂದೆ ಹಾರಬೇಕು ಅನಿಸಿದಾಗ ಮಾತ್ರ ತಿರುಗಿಸಿ ನೋಡುತ್ತೇನೆ. ನಿನ್ನೆ ಎರಡು ಸಲ ನೋಡಿದೆ, ಎರಡು ಸಲವೂ ಸುಮ್ನೆ ಕೂತೆ.

ಗಾಳಿಗೆ_ಎದುರು

ಮೂರನೇ ತಿರುವು?

ಹಿಂದಿನ_ಚಕ್ರ

ಈಗಲೂ ಒಂದು ಬೆರಳು ಬ್ರೇಕಿನ ಮೇಲೆ ಇರುತ್ತೆ ಅಕ್ಕಾ. ಮೊದಲು ನಾಲ್ಕೂ ಇರುತ್ತಿದ್ದವು. ಶನಿವಾರ ಮತ್ತೆ ಮೈದಾನಕ್ಕೆ ಹೋಗುತ್ತಿದ್ದೇವೆ, ಗೆಳೆಯನಿಗೆ ಎರಡು ಬೀಳು ಬಾಕಿ ಇದೆ.